ಉಲ್ಲೇಖದ ಸಾಲು ಖಾಲಿ ಬಿಡಬೇಡಿ

ಸಂಪಾದಕರೇ,

ನಾನು ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವವನು. ಒಂದು ಮೇಜು, ಹಳೇ ಕಂಪ್ಯೂಟರ್, ಪ್ರಿಂಟರ್, ಮೇಲೆ ತಗಡಿನ ಶೀಟು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಹೋಯಿತು, ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ಕ್ಯಾಲಿಪರ್ ಹಾಕಿಕೊಂಡು ಓಡಾಡುತ್ತೇನೆ. ಅದಕ್ಕೇ ಇರಬೇಕು, ಸುತ್ತಮುತ್ತಲ ಹಳ್ಳಿಗಳ ಅಂಗವಿಕಲರು ಜಾಸ್ತಿ ನನ್ನ ಮೇಜಿಗೇ ಬರುತ್ತಾರೆ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಬಗ್ಗೆ ನಿಮ್ಮಲ್ಲಿ ಬಂದ ಪುಟ ಓದಿ ಈ ಪತ್ರ ಬರೆಯುತ್ತಿದ್ದೇನೆ. ತ್ರಿಚಕ್ರ ವಾಹನ ವಿತರಣೆಯ ಫೋಟೊ ಇತ್ತು, ಸಾಧಕರಿಗೆ ಸನ್ಮಾನದ ಸುದ್ದಿ ಇತ್ತು. ವಾಹನ ಸಿಕ್ಕವರಿಗೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ಪುಟದಲ್ಲಿ ಕಾನೂನು ಅನ್ನುವ ಪದ ಒಂದು ಸಲವೂ ಇರಲಿಲ್ಲ. ನಾನು ಹೇಳಬೇಕಿರುವುದು ಅದರ ಬಗ್ಗೆಯೇ.

ಅರ್ಜಿ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಅದರ ಕೆಳಗೆ ಉಲ್ಲೇಖ. ಜಮೀನಿನ ತಕರಾರಿನ ಅರ್ಜಿಯಾದರೆ ಉಲ್ಲೇಖದ ಎದುರು ಸರ್ವೆ ನಂಬರು, ಹಿಂದಿನ ಆದೇಶದ ಸಂಖ್ಯೆ, ದಿನಾಂಕ ಎಲ್ಲಾ ತುಂಬಿರುತ್ತದೆ. ಅಂಗವಿಕಲರ ಅರ್ಜಿಯಲ್ಲಿ ಮಾತ್ರ ಆ ಸಾಲು ಖಾಲಿ, ಎಷ್ಟೋ ಸಲ ಆ ಸಾಲೇ ಇರುವುದಿಲ್ಲ. ಅದರ ಬದಲು, "ನಾನು ಕಡು ಬಡ ಅಂಗವಿಕಲನಾಗಿದ್ದು ನನಗೆ ಯಾರೂ ದಿಕ್ಕಿಲ್ಲದ ಕಾರಣ ತಾವು ದಯಮಾಡಿ ಕರುಣೆ ತೋರಿಸಿ" ಎಂದು ಶುರುವಾಗಿ, "ತಮ್ಮ ಹೆಸರು ಹೇಳಿಕೊಂಡು ಬದುಕುತ್ತೇನೆ" ಎಂದು ಮುಗಿಯುತ್ತದೆ. ಇಂಥ ಅರ್ಜಿ ನಾನೇ ನೂರಾರು ಬರೆದಿದ್ದೇನೆ. ಈ ಕೆಲಸ ಕಲಿಸಿದ ಹಿರಿಯರು ಹಾಗೇ ಹೇಳಿಕೊಟ್ಟಿದ್ದರು, ಓದಿದ ಸಾಹೇಬರ ಮನಸ್ಸು ಕರಗಬೇಕು ಕಣಯ್ಯಾ ಎಂದು. ಕರಗಿದರೆ ಕೆಲಸ ಆಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಕರುಣೆ ಕೇಳಿದವರಿಗೆ ಆಗಲ್ಲ ಅನ್ನುವುದಕ್ಕೆ ಕಾರಣ ಕೊಡಬೇಕಿಲ್ಲ ಅಲ್ವಾ? ಕಾನೂನು ತೋರಿಸಿ ಕೇಳಿದವರಿಗೆ ಆಗಲ್ಲ ಅನ್ನಬೇಕಾದರೆ ಹಿಂಬರಹದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಇದು ನನಗೆ ಅರ್ಥವಾಗಿದ್ದು ತೀರಾ ತಡವಾಗಿ, ಅದೂ ಒಬ್ಬ ಡ್ರೈವರಿಂದ.

ಸರ್ಕಾರಿ ಕಚೇರಿಯೊಂದರ ಜೀಪ್ ಓಡಿಸುತ್ತಿದ್ದವರು ಅವರು. ಸಕ್ಕರೆ ಕಾಯಿಲೆಯಿಂದ ಎರಡೇ ವರ್ಷದಲ್ಲಿ ಎರಡೂ ಕಣ್ಣಿನ ದೃಷ್ಟಿ ಹೋಗಿತ್ತು. ಹೆಂಡತಿಯ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದು ಮೇಜಿನ ಎದುರು ಕೂತರು. ಜೇಬಿನಿಂದ ಒಂದು ಚೀಟಿ ತೆಗೆದುಕೊಟ್ಟರು. ಅದು ಸ್ವಯಂ ನಿವೃತ್ತಿ ಕೋರುವ ಪತ್ರದ ಒಕ್ಕಣೆ, ಕಚೇರಿಯವರೇ ಬರೆದು ಕಳಿಸಿದ್ದು. "ಇದನ್ನ ನೀಟಾಗಿ ಟೈಪ್ ಮಾಡಿಕೊಡಿ, ನಾಳೆನೇ ಕೊಡಬೇಕಂತೆ" ಅಂದರು. ಅವರಿಗೆ ಇನ್ನೂ ಎಂಟು ವರ್ಷ ಸರ್ವಿಸ್ ಇತ್ತು. ನಾನು ಅರ್ಧ ಟೈಪ್ ಮಾಡಿ ನಿಲ್ಲಿಸಿದೆ. "ಕೆಲಸ ಬಿಡೋಕೆ ನಿಮಗೆ ಇಷ್ಟ ಇದೆಯಾ ಅಣ್ಣಾ?" ಅಂತ ಕೇಳಿದೆ. ಅವರು ಮಾತಾಡಲಿಲ್ಲ. ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, "ಇಷ್ಟ ಯಾರಿಗಿರುತ್ತೆ, ಮಗ ಇನ್ನೂ ಸೆಕೆಂಡ್ ಪಿಯುಸಿ" ಅಂದರು.

ಅದಕ್ಕೆ ಸ್ವಲ್ಪ ದಿನ ಮುಂಚೆ ವಕೀಲರೊಬ್ಬರು ನನಗೆ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಪ್ರತಿ ಕೊಟ್ಟಿದ್ದರು. ಸುಮ್ನೆ ಡ್ರಾಯರ್‌ನಲ್ಲಿ ಬಿದ್ದಿತ್ತು. ಅವರನ್ನು ಕೂರಿಸಿ, ಟೀ ತರಿಸಿ, ಪುಟ ತಿರುವುತ್ತಾ ಹೋದೆ. ಸೆಕ್ಷನ್ 20ರ 4ನೇ ಉಪ ಸೆಕ್ಷನ್‌ನಲ್ಲಿ ಸಿಕ್ಕಿತು. ಸರ್ವಿಸ್‌ನಲ್ಲಿದ್ದಾಗ ಅಂಗವಿಕಲತೆ ಬಂದ ನೌಕರರನ್ನು ಯಾವ ಸರ್ಕಾರಿ ಸಂಸ್ಥೆಯೂ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಇದ್ದ ಕೆಲಸ ಮಾಡಲಾಗದಿದ್ದರೆ ಅದೇ ಸಂಬಳ, ಅದೇ ಸೌಲಭ್ಯದ ಬೇರೆ ಕೆಲಸಕ್ಕೆ ಹಾಕಬೇಕು. ಬೇರೆ ಕೆಲಸವೂ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ, ಅವರಿಗಾಗಿ ಹೆಚ್ಚುವರಿ ಹುದ್ದೆ ಇಟ್ಟುಕೊಂಡಿರಬೇಕು. ನಾನು ಇದನ್ನು ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದಾಗ ಅವರು "ಇನ್ನೊಂದ್ಸಲ ಓದಿ" ಅಂದರು. ಮೂರು ಸಲ ಓದಿದೆ. ಇದು ಹೊಸದೂ ಅಲ್ಲ, 1995ರ ಹಳೇ ಕಾಯ್ದೆಯ ಸೆಕ್ಷನ್ 47ರಲ್ಲೇ ಇತ್ತು, ಅದನ್ನು 2003ರಲ್ಲಿ ಕುನಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಅಷ್ಟು ವರ್ಷಗಳಿಂದ ಇದ್ದ ಮಾತು ನಮ್ಮ ತಾಲ್ಲೂಕಿನ ಒಬ್ಬ ಡ್ರೈವರ್ ಕಿವಿಗೆ ಬಿದ್ದಿರಲಿಲ್ಲ. ಅವರ ಕಚೇರಿಯಲ್ಲಿ ಆ ಚೀಟಿ ಬರೆದವರಿಗೂ ಗೊತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ, ಯಾಕೆಂದರೆ ಆ ಚೀಟಿಯಲ್ಲಿ ಕೆಟ್ಟ ಮಾತೇನೂ ಇರಲಿಲ್ಲ. ಪಾಪ, ಬೇಗ ಪೆನ್ಷನ್ ಆಗಲಿ ಅಂದುಕೊಂಡಿದ್ದರೋ ಏನೋ.

ಅವತ್ತು ಬೇರೆಯೇ ಪತ್ರ ಹೋಯಿತು. ಉಲ್ಲೇಖ: ವಿಕಲಚೇತನರ ಹಕ್ಕುಗಳ ಕಾಯ್ದೆ, 2016, ಸೆಕ್ಷನ್ 20(4). ವಿಷಯ: ಸಮಾನ ವೇತನದ ಬೇರೆ ಹುದ್ದೆಗೆ ಬದಲಾಯಿಸುವ ಬಗ್ಗೆ. ಕರುಣೆ, ದಿಕ್ಕು ದೆಸೆ, ಪಾದಾರವಿಂದ ಯಾವುದೂ ಇಲ್ಲ. ಒಂದೇ ಪುಟ. ಟಪಾಲಿನಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ, ಅದಿಲ್ಲದೆ ವಾಪಸ್ ಬರಬೇಡಿ ಎಂದು ಹೇಳಿ ಕಳಿಸಿದೆ. ಒಂದು ಜ್ಞಾಪನ ಪತ್ರ ಬರೆದೆವು, ಅದರ ಪ್ರತಿಯನ್ನು ಅಂಗವಿಕಲರ ದೂರು ನೋಡುವ ರಾಜ್ಯ ಆಯುಕ್ತರಿಗೂ ಹಾಕಿದೆವು. ನಾಲ್ಕು ತಿಂಗಳಾದ ಮೇಲೆ ಆದೇಶ ಬಂತು. ಈಗ ಅದೇ ಕಚೇರಿಯಲ್ಲಿ ಫೋನ್ ಎತ್ತಿಕೊಳ್ಳುತ್ತಾರೆ, ಯಾವ ಸಾಹೇಬರ ನಂಬರಾದರೂ ಬಾಯಲ್ಲೇ ಇದೆ.

ಈ ಕಾಯ್ದೆ ಬಗ್ಗೆ ನಿಮ್ಮ ಓದುಗರಿಗೆ ನಾಲ್ಕು ಮಾತು ಹೇಳಬೇಕು. 2016ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು, 2017ರ ಏಪ್ರಿಲ್ 19ಕ್ಕೆ ಜಾರಿಗೆ ಬಂತು. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, ಇದರಲ್ಲಿ 21. ಆಸಿಡ್ ದಾಳಿಗೆ ಒಳಗಾದವರು, ಹಿಮೋಫಿಲಿಯಾ, ಥಲಸ್ಸೇಮಿಯಾ ಇರುವವರು, ಪಾರ್ಕಿನ್ಸನ್ ಇರುವವರು, ಓದು ಬರಹದ ಕಲಿಕಾ ತೊಂದರೆ ಇರುವ ಮಕ್ಕಳು ಎಲ್ಲಾ ಬರುತ್ತಾರೆ. ಸರ್ಕಾರಿ ಕೆಲಸದಲ್ಲಿ ಶೇ 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5 ಮೀಸಲಾತಿ. ಇದಿಷ್ಟು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಹುಡುಗರಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಉಳಿದದ್ದು. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ಕೆಲಸದ ಜಾಗದ ತಾರತಮ್ಯದ ದೂರನ್ನು ರಿಜಿಸ್ಟರ್‌ನಲ್ಲಿ ಬರೆದುಕೊಂಡು ಎರಡು ವಾರದೊಳಗೆ ವಿಚಾರಣೆ ಮಾಡಬೇಕು, ಇದು ಸೆಕ್ಷನ್ 23. ರಾಜ್ಯ ಆಯುಕ್ತರಿಗೆ ಸಾಕ್ಷಿ ಕರೆಸುವ, ಕಡತ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಇದೆ, ಅವರು ಶಿಫಾರಸು ಕಳಿಸಿದರೆ ಸಂಬಂಧಪಟ್ಟ ಇಲಾಖೆ ಮೂರು ತಿಂಗಳಲ್ಲಿ ಏನು ಮಾಡಿತು ಎಂದು ತಿಳಿಸಬೇಕು, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಹೇಳಬೇಕು. ಜನರ ಎದುರು ಬೇಕೆಂದೇ ಅವಮಾನ ಮಾಡಿದರೆ ಸೆಕ್ಷನ್ 92ರ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದರು, ಅದೂ ಹಳೇ ಪಟ್ಟಿಯ ಕಾಲದ ಲೆಕ್ಕ. ಇವರಲ್ಲಿ ಎಷ್ಟು ಜನಕ್ಕೆ ಈ ಸೆಕ್ಷನ್‌ಗಳನ್ನು ಯಾರಾದರೂ ಓದಿ ಹೇಳಿದ್ದಾರೆ?

ಇನ್ನೊಂದು ಪ್ರಸಂಗ ಹೇಳುತ್ತೇನೆ. ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಹುಡುಗಿ, ಮಕ್ಕಳಿಗೆ ಸಂಗೀತ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುತ್ತಾಳೆ. ಬ್ಯಾಂಕ್ ಒಂದರಲ್ಲಿ ಖಾತೆ ತೆರೆಯಲು ಹೋದಾಗ ಅಣ್ಣನ ಜೊತೆ ಜಂಟಿ ಖಾತೆ ಮಾಡಿ, ಎಟಿಎಂ ಕಾರ್ಡ್ ಕೊಡಕ್ಕಾಗಲ್ಲ ಅಂದರಂತೆ. ಅವಳು ನನ್ನ ಹತ್ತಿರ ಬಂದು ಕೇಳಿದ ಮೊದಲ ಮಾತೇ ಇದು: "ದುಡ್ಡು ನಂದು, ಕಾರ್ಡು ಅಣ್ಣನ ಜೇಬಲ್ಲಿ ಯಾಕಿರಬೇಕು ಸಾರ್?" ಜೊತೆಗೆ ಬಂದಿದ್ದ ಅಣ್ಣನೂ ತಲೆ ಆಡಿಸಿದ. ಕಾಣದವರಿಗೂ ಚೆಕ್ ಬುಕ್, ಎಟಿಎಂ, ಲಾಕರ್ ಎಲ್ಲಾ ಸೌಲಭ್ಯವನ್ನು ಭೇದ ಮಾಡದೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2008ರ ಜೂನ್ 4ರಂದೇ ಸುತ್ತೋಲೆ ಹೊರಡಿಸಿದೆ. ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕು ಎಲ್ಲರಷ್ಟೇ ಅಂಗವಿಕಲರಿಗೂ ಇದೆ ಎಂದು 2016ರ ಕಾಯ್ದೆಯ ಸೆಕ್ಷನ್ 13 ಹೇಳುತ್ತದೆ. ಎರಡನ್ನೂ ಉಲ್ಲೇಖದಲ್ಲಿ ಹಾಕಿದೆ. ಸಹಿ ಹಾಕುವ ಜಾಗದಲ್ಲಿ ಸ್ಕೇಲ್ ಇಡಿ ಅಂದಳು. ಇಟ್ಟೆ. ಅದರ ಅಂಚಿಗೆ ಎಡಗೈ ಬೆರಳು ಒತ್ತಿಕೊಂಡು ಕನ್ನಡದಲ್ಲಿ ಪೂರ್ತಿ ಹೆಸರು ಬರೆದಳು, ಒಂದಕ್ಷರವೂ ಸ್ಕೇಲ್ ದಾಟಲಿಲ್ಲ. ಹನ್ನೆರಡನೇ ದಿನಕ್ಕೆ ಕಾರ್ಡ್ ಬಂತು. ಬ್ಯಾಂಕಿನವರು ಒಳ್ಳೆಯವರೇ, ಪತ್ರ ಓದಿ ಮೇಲಿನವರಿಗೆ ಫೋನ್ ಮಾಡಿ ಕೇಳಿದರಂತೆ, ಅಷ್ಟೇ. ಆದರೆ ಆ ಫೋನ್ ಮಾಡಿಸಿದ್ದು ಸುತ್ತೋಲೆಯ ತಾರೀಖು.

ಎಲ್ಲವೂ ಹೀಗೇ ಮುಗಿಯುತ್ತದೆ ಎಂದು ಹೇಳಲಾರೆ. ಕಿವಿ ಕೇಳದ, ಮಾತು ಬಾರದ ಒಬ್ಬ ಹುಡುಗನಿಗೆ ಬೈಕ್ ಡಿಕ್ಕಿ ಹೊಡೆಯಿತು. ಠಾಣೆಯಲ್ಲಿ ಅವನ ಹೇಳಿಕೆಯನ್ನು ಅವನ ಬದಲು ಯಾರೋ ಹೇಳಿದಂತೆ ಬರೆದುಕೊಂಡರು. ಅವನು ನನ್ನ ಮೇಜಿನ ಮೇಲೆ ಎರಡು ಸ್ಟೇಪ್ಲರ್ ಇಟ್ಟು, ಬೈಕ್ ಯಾವ ಕಡೆಯಿಂದ ಬಂತು, ತಾನು ಎಲ್ಲಿ ನಿಂತಿದ್ದೆ ಎಂದು ತೋರಿಸಿದ. ಕಾಗದದಲ್ಲಿ ಇದ್ದದ್ದಕ್ಕೂ ಅವನು ತೋರಿಸಿದ್ದಕ್ಕೂ ತಾಳೆಯೇ ಇಲ್ಲ. ಅಂಗವಿಕಲರು ತಮಗೆ ಒಗ್ಗುವ ಭಾಷೆಯಲ್ಲಿ, ರೀತಿಯಲ್ಲಿ ಸಾಕ್ಷಿ ಹೇಳಲು ಅನುಕೂಲ ಮಾಡಿಕೊಡಬೇಕು ಎಂದು ಸೆಕ್ಷನ್ 12ರಲ್ಲಿದೆ. ಸನ್ನೆ ಭಾಷೆ ಬಲ್ಲವರನ್ನು ಕರೆಸಿ ಮತ್ತೆ ಹೇಳಿಕೆ ತೆಗೆದುಕೊಳ್ಳಿ ಎಂದು ಅರ್ಜಿ ಕೊಟ್ಟೆವು. ಏಳು ತಿಂಗಳು ಉತ್ತರವೇ ಬರಲಿಲ್ಲ. ಕೊನೆಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಕ್ಕರು, ಪ್ರಕರಣ ಇನ್ನೂ ನಡೆಯುತ್ತಿದೆ. ಅವನು ವಾರಕ್ಕೊಮ್ಮೆ ಬಂದು ಹುಬ್ಬು ಏರಿಸಿ ಏನಾಯಿತು ಎಂದು ಕೇಳುತ್ತಾನೆ. ನನಗೆ ಅವನ ಭಾಷೆ ಬರುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಇನ್ನು ಮೆಟ್ಟಿಲುಗಳ ವಿಷಯ. ನಾನು ಆಗಾಗ ಹೋಗುವ ಸರ್ಕಾರಿ ಕಟ್ಟಡವೊಂದಕ್ಕೆ ಮೂರು ಮೆಟ್ಟಿಲಿವೆ, ಒಟ್ಟು ಎತ್ತರ 45 ಸೆಂಟಿಮೀಟರ್. ಪಕ್ಕದಲ್ಲೇ ರ್‍ಯಾಂಪ್ ಕಟ್ಟಿದ್ದಾರೆ. ಟೇಪ್ ಹಿಡಿದು ಅಳೆದೆ, ಉದ್ದ ಎರಡು ಮೀಟರ್. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು ಎಂಬುದು ಲೆಕ್ಕ, ಅಂದರೆ ಇಲ್ಲಿ 5.4 ಮೀಟರ್ ಬೇಕಿತ್ತು. ಗಾಲಿಕುರ್ಚಿಯವರು ಒಬ್ಬರೇ ಹತ್ತಲು ಹೋದರೆ ಹಿಂದಕ್ಕೆ ಬೀಳುತ್ತಾರೆ. ಮಳೆಯಲ್ಲಿ ಅದರ ನುಣುಪಾದ ಟೈಲ್ಸ್ ಮೇಲೆ ನನ್ನ ಕ್ಯಾಲಿಪರ್ ಜಾರುತ್ತದೆ, ನಾನು ಮೆಟ್ಟಿಲನ್ನೇ ಹತ್ತುತ್ತೇನೆ. ಕೇಳಿದರೆ, ರ್‍ಯಾಂಪ್ ಇದೆಯಲ್ಲ ಎನ್ನುತ್ತಾರೆ.

ಇದರ ಬೇರು ಎಲ್ಲಿದೆ ಎಂದು ನನಗೆ ಗೊತ್ತಾಗಿದ್ದು ರಾಜೀವ್ ರತುರಿ ಪ್ರಕರಣದ ತೀರ್ಪಿನ ಬಗ್ಗೆ ಓದಿದಾಗ. ಸ್ವತಃ ದೃಷ್ಟಿ ದೋಷ ಇರುವ ರತುರಿ ಅವರು ರಸ್ತೆ, ಕಟ್ಟಡ, ಸಾರಿಗೆ ಅಂಗವಿಕಲರಿಗೂ ಸುಗಮವಾಗಬೇಕು ಎಂದು 2005ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದರು. 2017ರಲ್ಲಿ ಕೋರ್ಟ್ ಗಡುವು ಹಾಕಿ ನಿರ್ದೇಶನ ಕೊಟ್ಟಿತು. ಆದರೂ ಕೆಲಸ ಸಾಗಲಿಲ್ಲ. ಹೈದರಾಬಾದ್‌ನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರದಿಂದ ವರದಿ ತರಿಸಿಕೊಂಡು, 2024ರ ನವೆಂಬರ್ 8ರಂದು ಮತ್ತೆ ತೀರ್ಪು ಕೊಟ್ಟಿತು. ಅದರ ಸಾರ ನನ್ನಂಥ ಅರ್ಜಿ ಬರಹಗಾರನಿಗೂ ಅರ್ಥವಾಗುವಂಥದ್ದು. ಕಾಯ್ದೆ 'ಮಾಡಲೇಬೇಕು' ಎಂದು ಹೇಳಿತ್ತು. ಆ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ಮಾಡಿದ 15ನೇ ನಿಯಮ ಪಾಲಿಸಿ ಎಂದು ಹೇಳಿದ್ದ ಮಾರ್ಗಸೂಚಿಗಳು 'ಹೀಗೆ ಮಾಡಬಹುದು' ಎಂಬ ಧಾಟಿಯಲ್ಲಿದ್ದವು. ಕಡ್ಡಾಯದ ಮಾತನ್ನು ಸಲಹೆಯ ಮಾತಾಗಿ ಇಳಿಸಿದ್ದು ಕಾಯ್ದೆಗೇ ವಿರುದ್ಧ ಎಂದು ಕೋರ್ಟ್ ಆ ನಿಯಮವನ್ನು ಒಪ್ಪಲಿಲ್ಲ. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಒಬ್ಬ ವ್ಯಕ್ತಿ ಹತ್ತೊಂಬತ್ತು ವರ್ಷ ಕೋರ್ಟ್ ಬಾಗಿಲಲ್ಲಿ ನಿಂತು ಕೇಳಿದ್ದು ಒಂದು ಕ್ರಿಯಾಪದ ಬದಲಾಯಿಸಿ ಎಂದು! ನಮ್ಮ ಅರ್ಜಿಗಳಲ್ಲಿ ಆಗಬೇಕಿರುವುದೂ ಅದೇ ಬದಲಾವಣೆ.

ಪತ್ರದಿಂದ ಏನಾಗುತ್ತದೆ ಎನ್ನುವವರಿಗೆ ಮಧ್ಯಪ್ರದೇಶದ ಆ ತಾಯಿಯನ್ನು ನೆನಪಿಸಬೇಕು. ಕಣ್ಣು ಕಾಣದವರು ನ್ಯಾಯಾಧೀಶರಾಗುವಂತಿಲ್ಲ ಎಂದು ಆ ರಾಜ್ಯದ ನ್ಯಾಯಾಂಗ ಸೇವಾ ನಿಯಮದಲ್ಲಿ ಇತ್ತು. ನ್ಯಾಯಾಧೀಶರ ಹುದ್ದೆಗೆ ಆಸೆಪಟ್ಟಿದ್ದ, ದೃಷ್ಟಿ ಇಲ್ಲದ ಮಗುವಿನ ತಾಯಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡು ಕೋರ್ಟ್ ವಿಚಾರಣೆ ಮಾಡಿತು. 2025ರ ಮಾರ್ಚ್ 3ರಂದು ಆ ನಿಯಮವನ್ನು ರದ್ದು ಮಾಡಿ, ಅಂಗವಿಕಲತೆಯ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲ ಎಂದಿತು. ನಮ್ಮ ರಾಜ್ಯದ್ದೂ ಒಂದು ಇದೆ. ಬಡ್ತಿಯಲ್ಲೂ ಅಂಗವಿಕಲರಿಗೆ ಮೀಸಲಾತಿ ಬೇಕು ಎಂಬ ವಾದವನ್ನು 2020ರ ಜನವರಿ 14ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದು ಸಿದ್ದರಾಜು ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲೇ. ದೇಶಕ್ಕೆಲ್ಲ ಅನ್ವಯವಾಗುವ ತೀರ್ಪು ಕನ್ನಡ ನಾಡಿನ ಪ್ರಕರಣದಿಂದ ಬಂತು ಎಂದು ನಮ್ಮ ಊರಿನ ಎಷ್ಟು ಅಂಗವಿಕಲ ನೌಕರರಿಗೆ ಗೊತ್ತಿದೆಯೋ! ನಾನು ಕೇಳಿದ ಮೂವರಿಗೂ ಗೊತ್ತಿರಲಿಲ್ಲ.

ಹಾಗಂತ ಎಲ್ಲರೂ ಕೋರ್ಟ್‌ಗೆ ಹೋಗಿ ಎನ್ನುತ್ತಿಲ್ಲ. ಕೋರ್ಟಿಗೆ ಅಲೆಯುವುದು ಕಾಲಿದ್ದವರಿಗೇ ಕಷ್ಟ. ನೂರಕ್ಕೆ ಎಪ್ಪತ್ತು ಎಂಬತ್ತು ಕೆಲಸ ಸರಿಯಾಗಿ ಬರೆದ ಒಂದು ಅರ್ಜಿ, ಸೀಲು ಬಿದ್ದ ಒಂದು ಪ್ರತಿ, ತಿಂಗಳಿಗೊಂದು ಜ್ಞಾಪನ ಪತ್ರ ಇದ್ದರೆ ಮುಗಿಯುತ್ತವೆ, ಇದು ನನ್ನ ಮೇಜಿನ ಅನುಭವ. ಮುಗಿಯದಿದ್ದರೆ ವಕೀಲರ ಫೀಸಿಗೂ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರಲ್ಲಿ ಅಂಗವಿಕಲರಿಗೆ ಉಚಿತ ಕಾನೂನು ನೆರವು ಎಂದು ಬರೆದಿದೆ, ಆದಾಯ ಎಷ್ಟೇ ಇರಲಿ. ಆದಾಯ ಪ್ರಮಾಣಪತ್ರ ತನ್ನಿ ಎಂದು ವಾಪಸ್ ಕಳಿಸಿದ್ದನ್ನೂ ನೋಡಿದ್ದೇನೆ, ಹಾಗೆ ಕೇಳುವಂತಿಲ್ಲ. ಫೋನ್ ಮಾಡಬೇಕೆಂದರೆ 15100, ದೇಶದಾದ್ಯಂತ ಒಂದೇ ನಂಬರು.

ಸರ್ಕಾರಕ್ಕೆ ನನ್ನ ಕೋರಿಕೆ ದೊಡ್ಡದೇನಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇದ್ದಾರೆ. ಬಹುತೇಕ ಅವರೂ ಅಂಗವಿಕಲರೇ, ಗೌರವಧನಕ್ಕೆ ದುಡಿಯುವವರು. ಮಾಸಾಶನ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್, ಬಸ್ ಪಾಸ್ ಎಂದು ದಿನವಿಡೀ ಓಡಾಡುತ್ತಾರೆ. ಇವರಿಗೆ ಕಾಯ್ದೆಯ ಕನ್ನಡ ಪ್ರತಿ ಕೊಡಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರಿಂದ ಎರಡು ದಿನ ಅರ್ಜಿ ಬರೆಯುವ ತರಬೇತಿ ಕೊಡಿಸಿ, ಅವರ ಗೌರವಧನವನ್ನೂ ಸ್ವಲ್ಪ ಹೆಚ್ಚಿಸಿ. ಕಾಯ್ದೆಯನ್ನು ದೊಡ್ಡಕ್ಷರದಲ್ಲಿ, ಬ್ರೈಲ್‌ನಲ್ಲಿ, ಆಡಿಯೊದಲ್ಲಿ, ಸನ್ನೆ ಭಾಷೆಯ ವಿಡಿಯೊದಲ್ಲಿ ಎಲ್ಲರಿಗೂ ಸಿಗುವಂತೆ ಮಾಡಿ. ಯಾವ ಕಚೇರಿಯಲ್ಲಿ ಕುಂದುಕೊರತೆ ಅಧಿಕಾರಿ ಯಾರು ಎಂದು ಬಾಗಿಲ ಬಳಿ ಬೋರ್ಡ್ ಹಾಕಿ. ಮಾಹಿತಿ ಹಕ್ಕು ಅಧಿಕಾರಿಯ ಹೆಸರು ಇರುತ್ತದಲ್ಲ, ಅದರ ಕೆಳಗೇ ಇನ್ನೊಂದು ಸಾಲು ಸಾಕು.

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೆ. ಮುಂದಿನ ಡಿಸೆಂಬರ್ 3ಕ್ಕೆ ಕಾಯಬೇಡಿ. ವಾರಕ್ಕೊಂದು ಸೆಕ್ಷನ್, ಪತ್ರಿಕೆಯ ಯಾವ ಮೂಲೆಯಲ್ಲಾದರೂ ಸರಿ, ಆರು ಸಾಲಿನಲ್ಲಿ ಹಾಕಿ. ನಮ್ಮ ಕಡೆ ಜನ ಪತ್ರಿಕೆ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಆ ಡ್ರೈವರ್ ಅಣ್ಣನ ಹೆಂಡತಿ ಸೆಕ್ಷನ್ 20(4) ಇದ್ದ ಪುಟದ ಝೆರಾಕ್ಸ್ ಅನ್ನು ಲ್ಯಾಮಿನೇಷನ್ ಮಾಡಿಸಿ ರೇಷನ್ ಕಾರ್ಡ್ ಜೊತೆ ಇಟ್ಟಿದ್ದಾರೆ.

ನಾನು ಇದುವರೆಗೆ ಐದು ಮಾದರಿ ಅರ್ಜಿ ಕನ್ನಡದಲ್ಲಿ ಸಿದ್ಧ ಮಾಡಿದ್ದೇನೆ. ಕೆಲಸ ಉಳಿಸಿಕೊಳ್ಳಲು ಒಂದು, ಬ್ಯಾಂಕಿಗೆ ಒಂದು, ಶಾಲೆಗೆ ಸೇರಿಸಲು ಒಂದು, ರ್‍ಯಾಂಪ್ ಸರಿಮಾಡಿಸಲು ಒಂದು, ರಾಜ್ಯ ಆಯುಕ್ತರಿಗೆ ಒಂದು. ಅಂಗವಿಕಲರಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಬೇರೆ ಊರಿನ ಅರ್ಜಿ ಬರಹಗಾರರು ಕೇಳಿದರೆ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇನೆ. ಉಲ್ಲೇಖದ ಸಾಲು ತುಂಬಿದೆ, ಹೆಸರು, ಊರು, ತಾರೀಖು ಬರೆದುಕೊಂಡರೆ ಆಯಿತು.

ಇಂತಿ,
ತಾಲ್ಲೂಕು ಕಚೇರಿ ಎದುರಿನ ಅರ್ಜಿ ಬರಹಗಾರ, ನಿಮ್ಮ ಓದುಗ